ಸಾಧನ ಕೊಟ್ಟರು ಸರಿ, ರಿಪೇರಿ ಮಾಡೋರು ಯಾರು? ಕೊಪ್ಪಳದಿಂದ ನೋಡಿದಾಗ ಕಾಣುವ ಲೆಕ್ಕ

2026ರ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ ‘ದಿವ್ಯಾಂಗ ಸಹಾರಾ ಯೋಜನೆ’ ಎಂಬ ಹೆಸರು ಬಂತು. ಅದರಲ್ಲಿ ಹೇಳಿದ್ದು ಕೆಲವೇ ಸಂಗತಿ. ಗಾಲಿಕುರ್ಚಿ, ಕೃತಕ ಕಾಲು ತಯಾರಿಸುವ ಅಲಿಮ್ಕೊ ಸಂಸ್ಥೆ ಇನ್ನೂ ಹೆಚ್ಚು ಉತ್ಪಾದಿಸಬೇಕು, ಸಂಶೋಧನೆ ಮತ್ತು ಎಐ (ಕೃತಕ ಬುದ್ಧಿಮತ್ತೆ) ಬಳಕೆಗೆ ಹಣ ಹಾಕಬೇಕು, ಅದಕ್ಕೆ ಸರ್ಕಾರದ ಬೆಂಬಲ ಸಿಗುತ್ತದೆ. ಇಂಥ ಸಾಧನ ಕೊಡುವ ಪ್ರಧಾನಮಂತ್ರಿ ದಿವ್ಯಾಶಾ ಕೇಂದ್ರಗಳನ್ನು ಗಟ್ಟಿ ಮಾಡಲಾಗುತ್ತದೆ. ಜೊತೆಗೆ ‘ಅಸಿಸ್ಟಿವ್ ಟೆಕ್ನಾಲಜಿ ಮಾರ್ಟ್’ ಎಂಬ ಅಂಗಡಿಗಳು ಬರುತ್ತವೆ. ಅಂಗವಿಕಲರು, ವಯಸ್ಸಾದವರು ಅಲ್ಲಿಗೆ ಹೋಗಿ ಸಾಧನ ನೋಡಬಹುದು, ಬಳಸಿ ನೋಡಬಹುದು, ಕೊಳ್ಳಬಹುದು.

ಸುದ್ದಿ ಓದಿದವರಿಗೆ ಗೊಂದಲ ಶುರುವಾಗುವುದು ಇಲ್ಲೇ. ಇದೆಲ್ಲ ಸರ್ಕಾರಿ ಶಿಬಿರದಲ್ಲಿ ಪುಕ್ಕಟೆ ಸಿಗುತ್ತಿತ್ತಲ್ವಾ, ಈಗ ಅಂಗಡಿ ಯಾಕೆ? ಉಚಿತ ನಿಲ್ಲುತ್ತದಾ? ಐಐಟಿಯವರು ಒಂಬತ್ತು ಕಿಲೋದ ಕುರ್ಚಿ ಮಾಡಿದ್ದಾರೆ ಎಂದು ಪೇಪರಿನಲ್ಲಿ ಬಂದಿತ್ತು, ನಮ್ಮೂರಿಗೆ ಇನ್ನೂ ಅದೇ ಭಾರದ ಕುರ್ಚಿ ಯಾಕೆ ಬರುತ್ತಿದೆ? ಔಷಧಿಯ ತೆರಿಗೆ ಇಳಿಯಿತು, ಗಾಲಿಕುರ್ಚಿಗೆ ಜಿಎಸ್‌ಟಿ ಯಾಕೆ ಉಳಿಯಿತು?

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಉಚಿತ ವಿತರಣೆ ನಿಲ್ಲಿಸುತ್ತೇವೆ ಎಂದು ಬಜೆಟ್ ಭಾಷಣದಲ್ಲಿ ಎಲ್ಲೂ ಇಲ್ಲ. ಉಳಿದ ಪ್ರಶ್ನೆಗಳಿಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡು ಬಾಗಿಲು

ಕೇಂದ್ರದಿಂದ ಸಾಧನ ಸಿಗುವ ದಾರಿ ಮುಖ್ಯವಾಗಿ ಎರಡು. ಒಂದು, ಅಂಗವಿಕಲರಿಗೆ ಸಾಧನ ಕೊಡುವ ಎಡಿಪ್ ಯೋಜನೆ. ಇದು 1981ರಿಂದ ಇದೆ. ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇದೆ ಎಂಬ ಪ್ರಮಾಣಪತ್ರ ಬೇಕು, ಅಂದರೆ ಈಗಿನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ). ತಿಂಗಳ ಆದಾಯ 22,500 ರೂಪಾಯಿ ಒಳಗಿದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಒಮ್ಮೆ ಪಡೆದವರು ಮತ್ತೆ ಕೇಳಲು ಮೂರು ವರ್ಷ ಕಾಯಬೇಕು. 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ, ಯಾಕೆಂದರೆ ಮಕ್ಕಳು ಬೆಳೆಯುತ್ತಾರೆ.

ಇನ್ನೊಂದು ರಾಷ್ಟ್ರೀಯ ವಯೋಶ್ರೀ ಯೋಜನೆ. 2017ರ ಏಪ್ರಿಲ್‌ನಲ್ಲಿ ಆಂಧ್ರದ ನೆಲ್ಲೂರಿನಲ್ಲಿ ಶುರುವಾಯಿತು. 60 ದಾಟಿದ ಬಡವರಿಗೆ ಊರುಗೋಲು, ವಾಕರ್, ಕನ್ನಡಕ, ಹಲ್ಲಿನ ಸೆಟ್ಟು, ಕಿವಿ ಮಷಿನ್, ಗಾಲಿಕುರ್ಚಿ ಕೊಡುತ್ತಾರೆ. ಇದಕ್ಕೆ ಅಂಗವಿಕಲ ಪ್ರಮಾಣಪತ್ರ ಬೇಡ. ಬಿಪಿಎಲ್ ಕಾರ್ಡ್ ಇರಬೇಕು, ಇಲ್ಲವೇ ತಿಂಗಳ ಆದಾಯ 15,000 ರೂಪಾಯಿ ಮೀರಿರಬಾರದು.

ಈ ಎರಡು ಬಾಗಿಲ ನಡುವೆ ಒಂದು ಗೋಡೆ ಇದೆ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಹಳೆಯ ಸಮಸ್ಯೆ. ವರ್ಷಗಟ್ಟಲೆ ಆ ನೀರು ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಐವತ್ತರ ಒಳಗೇ ಕೋಲು ಹಿಡಿಯುವವರಿದ್ದಾರೆ. ಇವರಿಗೆ 60 ಆಗಿಲ್ಲ, ಹಾಗಾಗಿ ವಯೋಶ್ರೀ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ, ಅದರಲ್ಲಿ ಫ್ಲೋರೋಸಿಸ್ ಎಂಬ ಈ ಫ್ಲೋರೈಡ್ ಕಾಯಿಲೆಯ ಹೆಸರಿಲ್ಲ. ಕೀಲು ಎಷ್ಟು ಬಗ್ಗುತ್ತದೆ ಎಂದು ವೈದ್ಯರು ಅಳೆದು, ಕೈಕಾಲಿನ ವೈಕಲ್ಯದ ಲೆಕ್ಕದಲ್ಲಿ ಶೇ 40 ಬಂದರೆ ಮಾತ್ರ ಎಡಿಪ್. ಶೇ 35 ಬಂದರೆ? ಕೋಲು ಸ್ವಂತ ದುಡ್ಡಿನದು.

ಎಷ್ಟು ಜನರಿಗೆ ಸಾಧನ ಬೇಕು ಎಂಬ ಲೆಕ್ಕವೂ ಇದೇ ಕಾರಣಕ್ಕೆ ದಾರಿ ತಪ್ಪಿಸುತ್ತದೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು ಸುಮಾರು 13.24 ಲಕ್ಷ, ಅಂದರೆ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಲ್ಲಿ ನೂರಕ್ಕೆ 16 ಜನರಿಗೆ ಗಣನೀಯ ಅಂಗವೈಕಲ್ಯ ಇದೆ ಎನ್ನುತ್ತದೆ. ಎರಡರಲ್ಲಿ ಒಂದು ಸುಳ್ಳು ಎಂದಲ್ಲ. ಗಣತಿಯವರು ಮನೆ ಬಾಗಿಲಲ್ಲಿ ‘ಅಂಗವಿಕಲರು ಇದ್ದಾರಾ?’ ಎಂದು ಕೇಳಿದರೆ, ಮೊಣಕಾಲು ನೋವಿಗೆ ನಾಲ್ಕು ವರ್ಷದಿಂದ ಮನೆ ದಾಟದ ಅಜ್ಜಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಯಸ್ಸಾಗಿದೆ, ಅಷ್ಟೇ ಅನ್ನುತ್ತಾರೆ.

ಶಿಬಿರ ಯಾಕೆ ಹಾಗೆ ನಡೆಯುತ್ತದೆ

ಶಿಬಿರ ಎರಡು ಹಂತದ್ದು. ಮೊದಲು ತಪಾಸಣಾ ಶಿಬಿರ: ಹೆಸರು ಬರೆದುಕೊಂಡು, ಅಳತೆ ತೆಗೆದುಕೊಂಡು, ಯಾರಿಗೆ ಏನು ಬೇಕು ಎಂದು ಪಟ್ಟಿ ಮಾಡುತ್ತಾರೆ. ಪಟ್ಟಿ ಹೋದ ಮೇಲೆ ಸಾಮಾನು ತಯಾರಾಗಬೇಕು. ಆಮೇಲೆ ವಿತರಣಾ ಶಿಬಿರ, ಶಾಮಿಯಾನ, ಫೋಟೊ. ‘ಅಳತೆ ಕೊಟ್ಟು ಬಂದೆ, ಇನ್ನೂ ಬಂದಿಲ್ಲ’ ಎಂಬ ದೂರಿಗೆ ಮುಖ್ಯ ಕಾರಣ ಈ ನಡುವಿನ ಸಮಯ.

ಶಿಬಿರವನ್ನು ಬೈಯುವುದು ಸುಲಭ. ಆದರೆ ಅದು ಹುಟ್ಟಿದ್ದಕ್ಕೆ ಕಾರಣವಿದೆ. ಕೊಪ್ಪಳದಿಂದ ಬೆಂಗಳೂರು ಸುಮಾರು 350 ಕಿಲೋಮೀಟರ್. ಕೃತಕ ಕಾಲು ಮಾಡಲು ಕಲಿಸುವ, ಮಾಡಿಕೊಡುವ ದೊಡ್ಡ ಸಂಸ್ಥೆಗಳು ಅಲ್ಲಿವೆ. ಕಿವಿ, ಮಾತಿನ ವಿಷಯಕ್ಕೆ ದೇಶಕ್ಕೇ ಹೆಸರಾದ ಆಯಿಷ್ ಸಂಸ್ಥೆ ಮೈಸೂರಿನಲ್ಲಿದೆ, ಇನ್ನೂ ದೂರ. ಕಾಲಿಲ್ಲದವರು ಜೊತೆಗೊಬ್ಬರನ್ನು ಕರೆದುಕೊಂಡು, ಇಬ್ಬರ ಕೂಲಿ ಬಿಟ್ಟು, ನಾಲ್ಕು ಸಲ ಅಲ್ಲಿಗೆ ಹೋಗಿ ಬರುವುದು ಆಗದ ಮಾತು. ಅದಕ್ಕೆ ಸಾಧನವನ್ನೇ ತಾಲೂಕಿಗೆ ತಂದರು. ಒಂದೇ ದಿನ ನೂರಾರು ಜನರಿಗೆ ಸಿಗುತ್ತದೆ. ಒಟ್ಟಿಗೆ ಮಾಡುವುದರಿಂದ ಬೆಲೆಯೂ ಕಡಿಮೆ. ಶಿಬಿರದ ಪರ ಇರುವವರ ವಾದ ಇದು, ತೂಕದ ವಾದವೇ.

ತೊಂದರೆ ಶುರುವಾಗುವುದು ಶಾಮಿಯಾನ ಬಿಚ್ಚಿದ ಮರುದಿನ.

ಕಾಲು ಬದಲಾಗುತ್ತದೆ, ಸಾಕೆಟ್ ಬದಲಾಗುವುದಿಲ್ಲ

ಸಕ್ಕರೆ ಕಾಯಿಲೆಯಿಂದಲೋ ಲಾರಿ ಅಪಘಾತದಿಂದಲೋ ಮೊಣಕಾಲ ಕೆಳಗೆ ಕಾಲು ತೆಗೆದಿದ್ದಾರೆ ಎಂದುಕೊಳ್ಳಿ. ಉಳಿದ ಮೊಂಡು ಕಾಲಿಗೆ ಮೊದಲು ಊತ ಇರುತ್ತದೆ. ಮುಂದಿನ ತಿಂಗಳುಗಳಲ್ಲಿ ಊತ ಇಳಿದು, ಬಳಸದ ಸ್ನಾಯು ಕರಗಿ, ಕಾಲು ಸಣ್ಣಗಾಗುತ್ತಾ ಹೋಗುತ್ತದೆ. ಮೊದಲ ವರ್ಷದಲ್ಲಿ ಈ ಬದಲಾವಣೆ ಜಾಸ್ತಿ. ಕೃತಕ ಕಾಲಿನ ಮೇಲ್ಭಾಗದ ಬಟ್ಟಲಿಗೆ ಸಾಕೆಟ್ ಎನ್ನುತ್ತಾರೆ. ಅದು ಕಾಲಿಗೆ ಬಿಗಿಯಾಗಿ ಕೂರಬೇಕು. ಅಳತೆ ಒಂದು ಕಾಲಕ್ಕೆ, ಜೋಡಣೆ ಇನ್ನೊಂದು ಕಾಲಕ್ಕೆ ಆದರೆ ಸಾಕೆಟ್ ಸಡಿಲ. ಸಡಿಲ ಸಾಕೆಟ್ ಉಜ್ಜುತ್ತದೆ, ಗಾಯವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಗಾಯ ಬೇಗ ಮಾಯುವುದಿಲ್ಲ. ಎರಡು ಸಲ ಗಾಯವಾದ ಮೇಲೆ ಕೃತಕ ಕಾಲು ಅಟ್ಟ ಸೇರುತ್ತದೆ, ಮನುಷ್ಯ ಊರುಗೋಲಿಗೆ ವಾಪಸ್. ಎಡಿಪ್ ಲೆಕ್ಕದಲ್ಲಿ ಮಾತ್ರ ಅವರಿಗೆ ಕಾಲು ಕೊಟ್ಟಾಗಿದೆ, ಇನ್ನು ಮೂರು ವರ್ಷ ಸಿಗುವುದಿಲ್ಲ.

ಗಾಲಿಕುರ್ಚಿಯ ಕಥೆಯೂ ಹತ್ತಿರ ಹತ್ತಿರ ಇದೇ. ಒಂದೇ ಅಳತೆಯ ಕುರ್ಚಿ ಎಲ್ಲರಿಗೂ ಕೊಟ್ಟರೆ, ಸಣ್ಣ ಮೈಯವರು ಅದರಲ್ಲಿ ಒಂದು ಬದಿಗೆ ವಾಲಿ ಕೂರುತ್ತಾರೆ. ಭಾರವೆಲ್ಲ ಒಂದೇ ಮೂಳೆಯ ಮೇಲೆ ಬೀಳುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರಿಗೆ ನೋವೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಚರ್ಮ ಕೊಳೆತಿರುತ್ತದೆ. ಈ ಒತ್ತಡದ ಹುಣ್ಣಿನ ನಂಜು ರಕ್ತಕ್ಕೇರಿ ಜೀವ ಹೋಗುವುದೂ ಉಂಟು. ಒಳ್ಳೆಯ ದಿಂಬು, ಸರಿಯಾದ ಅಗಲ, ಆಗಾಗ ಮೈ ಎತ್ತಿ ಕೂರುವ ಅಭ್ಯಾಸ ಇದನ್ನು ತಡೆಯುತ್ತವೆ. ಮೂರರಲ್ಲಿ ಕೊನೆಯದಕ್ಕೆ ದುಡ್ಡೇ ಬೇಡ. ಕಲಿಸುವವರು ಬೇಕು, ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಗಾಲಿಕುರ್ಚಿ ಕೊಡುವುದನ್ನು ಎಂಟು ಹೆಜ್ಜೆಯ ಸೇವೆ ಎಂದು ವಿವರಿಸಿತು. ಕಳಿಸಿಕೊಡುವುದು, ಪರೀಕ್ಷಿಸುವುದು, ಸೂಕ್ತವಾದದ್ದು ಬರೆದುಕೊಡುವುದು, ಹಣ ಹೊಂದಿಸಿ ಆರ್ಡರ್ ಮಾಡುವುದು, ಕುರ್ಚಿ ಸಿದ್ಧಪಡಿಸುವುದು, ಮೈಗೆ ಹೊಂದಿಸುವುದು, ಬಳಕೆ ಕಲಿಸುವುದು, ರಿಪೇರಿ ಮತ್ತು ಮರುಭೇಟಿ. ನಮ್ಮ ಶಿಬಿರ ಮೊದಲ ಐದನ್ನು ಹೇಗೋ ಮಾಡಿ ಮುಗಿಸುತ್ತದೆ. ಆರು, ಏಳಕ್ಕೆ ಅವತ್ತಿನ ಗದ್ದಲದಲ್ಲಿ ಕೆಲವು ನಿಮಿಷ ಸಿಕ್ಕರೆ ಪುಣ್ಯ. ಎಂಟನೆಯದು ಯಾರ ಕೆಲಸ ಎಂಬುದೇ ಸ್ಪಷ್ಟವಿಲ್ಲ. ವಯೋಶ್ರೀಯಲ್ಲಿ ಅಲಿಮ್ಕೊ ಒಂದು ವರ್ಷ ಉಚಿತ ದುರಸ್ತಿ ಮಾಡಬೇಕು ಎಂದಿದೆ, ಒಳ್ಳೆಯದೇ. ಆದರೆ ಕನಕಗಿರಿಯ ಹಳ್ಳಿಯೊಂದರಲ್ಲಿ ವಾಕರಿನ ಸ್ಕ್ರೂ ಬಿದ್ದುಹೋದರೆ ಆ ಉಚಿತ ಎಲ್ಲಿ ಸಿಗಬೇಕು?

ಡಬ್ಬಿ ಸೇರುವ ಕಿವಿ ಮಷಿನ್

ಕಿವಿ ಮಷಿನ್ ಕನ್ನಡಕದಂತೆ ಹಾಕಿದ ತಕ್ಷಣ ಕೆಲಸ ಮಾಡುವುದಿಲ್ಲ. ಯಾವ ಸ್ವರ ಎಷ್ಟು ಕೇಳುತ್ತಿಲ್ಲ ಎಂದು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಮಷಿನ್ ಹೊಂದಿಸಬೇಕು. ಇಲ್ಲದಿದ್ದರೆ ಮಾತಿನ ಜೊತೆ ಫ್ಯಾನು, ಮಿಕ್ಸಿ, ಹಾರ್ನು ಎಲ್ಲ ಒಟ್ಟಿಗೆ ಹಿಗ್ಗಿ ಕಿವಿಗೆ ಬಡಿಯುತ್ತವೆ. ವರ್ಷಗಳಿಂದ ಸದ್ದೇ ಇಲ್ಲದೆ ಕೂತ ಹಿರಿಯರಿಗೆ ಅದು ಕಿರಿಕಿರಿ. ರೂಢಿಯಾಗಲು ವಾರಗಳು ಬೇಕು, ಮರುಭೇಟಿ ಬೇಕು. ಬ್ಯಾಟರಿಯದು ಬೇರೆ ಪಾಡು. ಗುಂಡಿಯಂಥ ಆ ಸಣ್ಣ ಸೆಲ್ ಒಂದೆರಡು ವಾರಕ್ಕೆ ಮುಗಿಯುತ್ತದೆ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಅದನ್ನು ಹುಡುಕಬೇಡಿ. ಮೇ ತಿಂಗಳ ಬಿಸಿಲಿಗೆ ಕಿವಿಯ ಹಿಂದೆ ಇಳಿಯುವ ಬೆವರು ಬೇರೆ. ಹೀಗಾಗಿ ಮಷಿನ್ ಡಬ್ಬಿಯಲ್ಲಿ, ಡಬ್ಬಿ ಟ್ರಂಕಿನಲ್ಲಿ.

‘ಅಜ್ಜನಿಗೆ ಕೊಟ್ಟರೂ ಹಾಕ್ಕೊಳ್ಳಲ್ಲ’ ಎನ್ನುವ ಮನೆಯವರ ದೂರನ್ನು ಹಟ ಎಂದು ತಿಳಿಯಬಾರದು. ಹಾಕಿಕೊಂಡರೆ ಆಗುವ ಹಿಂಸೆ ಹಾಕಿಕೊಳ್ಳದಿದ್ದರೆ ಇಲ್ಲ.

ಒಂಬತ್ತು ಕಿಲೋದ ಕುರ್ಚಿ, ಎರೆ ಮಣ್ಣಿನ ದಾರಿ

ಈಗ ಸಂಶೋಧನೆಯ ಕಡೆ. ಇಲ್ಲಿ ನಿಜಕ್ಕೂ ಒಳ್ಳೆಯ ಕೆಲಸ ಆಗುತ್ತಿದೆ. ಐಐಟಿ ಮದ್ರಾಸ್‌ನಲ್ಲಿ ಪುನರ್ವಸತಿ ಸಾಧನಗಳಿಗೆಂದೇ ಒಂದು ಸಂಶೋಧನಾ ಕೇಂದ್ರವಿದೆ. ಕೂತವರು ತಾವೇ ಎದ್ದು ನಿಲ್ಲಬಹುದಾದ ‘ಅರೈಸ್’ ಕುರ್ಚಿ 2019ರಲ್ಲಿ ಬಂತು. ಗಾಲಿಕುರ್ಚಿಯ ಮುಂದೆ ಸಿಕ್ಕಿಸಿದರೆ ಅದನ್ನೇ ಬ್ಯಾಟರಿ ಗಾಡಿ ಮಾಡುವ ‘ನಿಯೋಬೋಲ್ಟ್’ ಬಂತು. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯ ಜೊತೆ ಸೇರಿ ರೂಪಿಸಿದ ಕೃತಕ ಮೊಣಕಾಲು ‘ಕದಮ್’ 2022ರಲ್ಲಿ ಹೊರಬಂತು. 2025ರ ಜುಲೈನಲ್ಲಿ ಬಂದದ್ದೇ ಒಂಬತ್ತು ಕಿಲೋದ ‘ವೈಡಿ ಒನ್’ ಕುರ್ಚಿ. ಕೂರುವವರ ಮೈ ಅಳತೆಗೆ ಮಾಡಿಕೊಡುತ್ತಾರೆ. ಬೆಲೆ ಸುಮಾರು 75 ಸಾವಿರ ರೂಪಾಯಿ. ಹೊರದೇಶದ ಇಂಥದ್ದೇ ಕುರ್ಚಿಗೆ ಹೋಲಿಸಿದರೆ ಅಗ್ಗ.

ಎಡಿಪ್‌ನಲ್ಲಿ ಸಾಮಾನ್ಯ ಸಾಧನಕ್ಕೆ ಇರುವ ಬೆಲೆಯ ಮಿತಿ 15 ಸಾವಿರದ ಆಸುಪಾಸು. ಪ್ರಯೋಗಾಲಯದ ಸುದ್ದಿಯೂ ಶಿಬಿರದ ಸುದ್ದಿಯೂ ಒಂದನ್ನೊಂದು ಮುಟ್ಟದೆ ಹೋಗುವುದು ಈ ಎರಡು ಅಂಕಿಗಳ ನಡುವೆ. ಹೊಸ ಕುರ್ಚಿ ಮಾಡುವ ಕಂಪನಿ ಬೆಂಗಳೂರು, ಚೆನ್ನೈನ ಸಂಬಳದಾರರನ್ನು ನೋಡಿ ಬೆಲೆ ಇಡುತ್ತದೆ. ಸರ್ಕಾರ ಅಗ್ಗದ್ದನ್ನು ನೋಡಿ ಖರೀದಿಸುತ್ತದೆ. ದೊಡ್ಡ ಆರ್ಡರ್ ಇಲ್ಲದೆ ಬೆಲೆ ಇಳಿಯುವುದಿಲ್ಲ, ಬೆಲೆ ಇಳಿಯದೆ ಆರ್ಡರ್ ಬರುವುದಿಲ್ಲ.

ಹಾಗಂತ ದುಡ್ಡು ಸುರಿದು ಒಂಬತ್ತು ಕಿಲೋದ ಕುರ್ಚಿಯನ್ನೇ ಎಲ್ಲರಿಗೂ ಕೊಟ್ಟರೆ ಮುಗಿಯಿತಾ? ಯಲಬುರ್ಗಾದ ಎರೆ ಭೂಮಿಗೆ ಮಳೆ ಬಿದ್ದ ದಿನ ಎತ್ತಿನ ಗಾಡಿಯೇ ಹೂತುಕೊಳ್ಳುತ್ತದೆ. ಕುರ್ಚಿಯ ಮುಂದಿನ ಪುಟ್ಟ ಗಾಲಿ ಎಷ್ಟು ದೂರ ಹೋದೀತು? ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಈ ಮುಂಗಾಲಿಯ ಮೇಲೆಯೇ ಕೆಲಸ ಮಾಡಿದ್ದಾರೆ. ಕುರ್ಚಿಗಳ ಮಾಮೂಲಿ ಪರೀಕ್ಷೆ ಪ್ರಯೋಗಾಲಯದ ಉರುಳೆಗಳ ಮೇಲೆ ನಡೆಯುತ್ತದೆ. ಹಳ್ಳಿ ದಾರಿಯಲ್ಲಿ ಗಾಲಿಯನ್ನು ಹಾಳು ಮಾಡುವುದು ಸವೆತ, ತುಕ್ಕು ಮತ್ತು ಹೊಡೆತ. ಅದಕ್ಕೆ ಈ ಮೂರನ್ನೂ ಸೇರಿಸಿ ಗಾಲಿ ಪರೀಕ್ಷಿಸುವ ಯಂತ್ರ ಮಾಡಿದರು. ಪ್ರಚಾರಕ್ಕೆ ಹೇಳಿ ಮಾಡಿಸಿದ ಸಂಶೋಧನೆ ಅಲ್ಲ ಇದು. ನಮ್ಮ ದಾರಿಗಳಿಗೆ ಬೇಕಾದದ್ದು ಮಾತ್ರ ಇಂಥದ್ದೇ.

ನಮ್ಮ ದೇಶಕ್ಕೆ ಇದು ಹೊಸ ಪಾಠವೂ ಅಲ್ಲ. 1968ರಲ್ಲಿ ಜೈಪುರ ಕಾಲು ಹುಟ್ಟಿದ್ದು ಹೀಗೆಯೇ. ವಿದೇಶಿ ಕೃತಕ ಕಾಲಿಗೆ ಬೂಟು ಬೇಕಿತ್ತು, ಅದನ್ನು ಹಾಕಿಕೊಂಡು ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿರಲಿಲ್ಲ, ಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರಬ್ಬರ್ ಪಾದ ಮಾಡಿದರು. ಶರ್ಮಾ ಎಂಜಿನಿಯರಿಂಗ್ ಓದಿದವರಲ್ಲ, ಕೈಕೆಲಸದವರು. ಕಿನ್ನಾಳದಲ್ಲಿ ಹಗುರ ಮರ ಕೆತ್ತಿ ಬೊಂಬೆ ಮಾಡುವ ಕೈಗಳಿರುವ ಜಿಲ್ಲೆಯಲ್ಲಿ ಇದನ್ನು ಸುಮ್ನೆ ನೆನಪಿಸಿದೆ.

ಬಜೆಟ್ ಹೇಳಿದ ಎಐ ಬಗ್ಗೆ ಒಂದೇ ಮಾತು. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ, ಮಾತನ್ನು ಬರಹ ಮಾಡುವ ತಂತ್ರಜ್ಞಾನಕ್ಕೆ ಎಐ ನಿಜವಾಗಿ ಸಹಾಯ ಮಾಡುತ್ತದೆ. ಅದು ಬೆಂಗಳೂರಿನ ಕನ್ನಡವನ್ನಷ್ಟೇ ಕಲಿತಿದ್ದರೆ, ಕುಷ್ಟಗಿಯ ಅಜ್ಜ ‘ಹೋಗಾಕತ್ತೀನಿ’ ಎಂದಾಗ ಏನು ಬರೆದುಕೊಳ್ಳುತ್ತದೆ ಎಂಬುದು ಬೇರೆ ವಿಷಯ.

ಐದು ಪರ್ಸೆಂಟ್ ಯಾಕೆ ಉಳಿಯಿತು

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಕೆಲವು ಜೀವರಕ್ಷಕ ಔಷಧಿ, ವೈಯಕ್ತಿಕ ಆರೋಗ್ಯ ವಿಮೆಗೆ ತೆರಿಗೆ ಸೊನ್ನೆ ಆಯಿತು. ಗಾಲಿಕುರ್ಚಿಗೆ ಮೊದಲಿದ್ದ ಶೇ 5 ಹಾಗೇ ಉಳಿಯಿತು. ಉಳಿದವರು ಪುಕ್ಕಟೆ ನಡೆಯುವಾಗ ನಾವು ನಡೆಯುವುದಕ್ಕೆ ತೆರಿಗೆ ಕಟ್ಟಬೇಕಾ ಎಂಬುದು ಅಂಗವಿಕಲರ ಹೋರಾಟಗಾರರ ಪ್ರಶ್ನೆ. 2017ರಿಂದಲೂ ಇದು ಇದೆ, ಸುಪ್ರೀಂ ಕೋರ್ಟಿನವರೆಗೂ ಹೋಗಿದೆ.

ಸರ್ಕಾರದ ಉತ್ತರ ಸ್ವಲ್ಪ ವಿಚಿತ್ರ: ಸೊನ್ನೆ ಮಾಡಿದರೆ ಬೆಲೆ ಏರುತ್ತದೆ! ಒಂದು ಉದಾಹರಣೆ ಹಾಕಿ ನೋಡೋಣ. ತೆರಿಗೆ ಬಿಟ್ಟು 10,000 ರೂಪಾಯಿಯ ಕುರ್ಚಿ. ಅದಕ್ಕೆ 6,000 ರೂಪಾಯಿಯ ಪೈಪು, ಟೈರು, ಬಟ್ಟೆ ಹಾಕಿದ್ದಾರೆ, ಅವಕ್ಕೆಲ್ಲ ಶೇ 18 ಎಂದಿಟ್ಟುಕೊಂಡರೆ ಕಟ್ಟಿದ ತೆರಿಗೆ 1,080. ಕುರ್ಚಿಗೆ ಶೇ 5 ಇದ್ದರೆ ಗ್ರಾಹಕರಿಂದ ಬರುವ 500ನ್ನು ಅದರಲ್ಲಿ ಹೊಂದಿಸಿ, ಉಳಿದ 580ನ್ನು ಕಂಪನಿ ಸರ್ಕಾರದಿಂದ ವಾಪಸ್ ಪಡೆಯಬಹುದು. ಗ್ರಾಹಕರಿಗೆ ಬೆಲೆ 10,500. ಕುರ್ಚಿಯ ತೆರಿಗೆ ಸೊನ್ನೆ ಆದರೆ ಈ ವಾಪಸಾತಿ ಇಲ್ಲ. 1,080 ಪೂರ್ತಿ ಕುರ್ಚಿಯ ಬೆಲೆಗೆ ಸೇರುತ್ತದೆ, 11,080. ಅದೇ ಹೊತ್ತಿಗೆ ಹೊರದೇಶದ ಕುರ್ಚಿ ಜಿಎಸ್‌ಟಿಯೇ ಇಲ್ಲದೆ ಒಳಗೆ ಬರುತ್ತದೆ.

ಲೆಕ್ಕ ಸರಿಯೇ ಇದೆ. ಆದರೆ ಅದು ಪೂರ್ತಿ ಉತ್ತರವಲ್ಲ. ರಫ್ತಿಗೆ ಸರ್ಕಾರ ಬೇರೆ ದಾರಿ ಇಟ್ಟಿದೆ: ತೆರಿಗೆಯೂ ಸೊನ್ನೆ, ಕಚ್ಚಾ ಸಾಮಾನಿನ ತೆರಿಗೆಯೂ ವಾಪಸ್. ಗಾಲಿಕುರ್ಚಿಗೂ ಅದನ್ನೇ ಮಾಡಿ ಎನ್ನುವವರಿದ್ದಾರೆ. ಕಾನೂನು ತಿದ್ದಬೇಕು, ತಿದ್ದಿದರೆ ಇನ್ನೂ ಹತ್ತು ವಸ್ತುಗಳವರು ಬಾಗಿಲು ತಟ್ಟುತ್ತಾರೆ ಎಂಬ ಭಯ. ನನ್ನ ಲೆಕ್ಕದಲ್ಲಿ ಹಳ್ಳಿಯ ಬಳಕೆದಾರರಿಗೆ ಈ 500 ರೂಪಾಯಿಗಿಂತ ಬ್ಯಾಟರಿಯ ಶೇ 18 ಹೆಚ್ಚು ಕುಟುಕುತ್ತದೆ. ಕುರ್ಚಿ ಒಮ್ಮೆ ಬರುತ್ತದೆ, ಅದೂ ಉಚಿತವಾಗಿ ಬರಬಹುದು. ಬ್ಯಾಟರಿ ಮತ್ತೆ ಮತ್ತೆ ಬದಲಾಯಿಸಬೇಕು, ಅದೂ ಸ್ವಂತ ದುಡ್ಡಿನಲ್ಲಿ.

ಮಾರ್ಟ್ ಬಂದರೆ ಏನಾಗಬಹುದು

ಅಂಗಡಿಯ ಪರ ಇರುವವರ ವಾದ ಹೀಗೆ: ಚಪ್ಪಲಿಯನ್ನೂ ಹಾಕಿ ನೋಡದೆ ಯಾರೂ ಕೊಳ್ಳುವುದಿಲ್ಲ, ಕಾಲನ್ನು ಮಾತ್ರ ಪಟ್ಟಿ ನೋಡಿ ಕೊಡುವುದು ಯಾವ ನ್ಯಾಯ? ಆಯ್ಕೆ ಇದ್ದರೆ ಕಂಪನಿಗಳ ನಡುವೆ ಪೈಪೋಟಿ ಬರುತ್ತದೆ. ಎಡಿಪ್, ವಯೋಶ್ರೀ ಎರಡರ ನಡುವೆ ಬಿದ್ದವರಿಗೂ ಹೋಗಲು ಒಂದು ಜಾಗವಾಗುತ್ತದೆ. ಇದು ನಿಜ.

ಪುನರ್ವಸತಿ ಕೆಲಸದವರ ಅನುಮಾನ ಬೇರೆ. ಅಂಗಡಿಯವರು ಮಾರುತ್ತಾರೆ, ಹೊಂದಿಸುವವರು ಯಾರು? ಕೃತಕ ಅಂಗ ಜೋಡಿಸುವ, ಕಿವಿ ಪರೀಕ್ಷಿಸುವ ವೃತ್ತಿಯವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಇಂಥವರು ನಗರದಲ್ಲೇ ಕಡಿಮೆ. ಮಾರ್ಟ್‌ಗೆ ಸಾಮಾನು ತುಂಬಿಸುವುದು ಒಂದು ತಿಂಗಳ ಕೆಲಸ, ಜನರನ್ನು ತಯಾರು ಮಾಡಲು ವರ್ಷಗಳು ಬೇಕು. ಅದಿಲ್ಲದೆ ಅಂಗಡಿ ತೆರೆದರೆ, ಶಿಬಿರದಲ್ಲಿ ಪುಕ್ಕಟೆ ಆಗುತ್ತಿದ್ದ ತಪ್ಪು ಅಂಗಡಿಯಲ್ಲಿ ದುಡ್ಡು ಕೊಟ್ಟು ಆಗುತ್ತದೆ.

ಎಲ್ಲಿ ತೆರೆಯುತ್ತಾರೆ ಎಂಬುದೂ ಮುಖ್ಯ. ಹೆಚ್ಚು ಗಿರಾಕಿ ಇರುವ ಕಡೆ ಎಂದು ಲೆಕ್ಕ ಹಾಕಿದರೆ ಮೊದಲ ಸಾಲಿನಲ್ಲಿ ಕೊಪ್ಪಳ ಬರುವುದಿಲ್ಲ, ರಾಯಚೂರೂ ಬರುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆಸ್ಪತ್ರೆಯ ಒಳಗೇ ಅಂಗಡಿ ಇಟ್ಟರೆ ಮೂಳೆ ವೈದ್ಯರು, ಫಿಜಿಯೊಥೆರಪಿಯವರು ಅದೇ ಕಾರಿಡಾರಿನಲ್ಲಿ ಸಿಗುತ್ತಾರೆ, ಪ್ರಮಾಣಪತ್ರವೂ ಅಲ್ಲೇ ಆಗುತ್ತದೆ. ಮಾಲ್ ಥರದ ಮಳಿಗೆಗಿಂತ ಇದು ನೂರು ಪಾಲು ವಾಸಿ ಎಂದು ನನಗೆ ಅನಿಸುತ್ತದೆ. ನೋಡಲು ಅಷ್ಟು ಚೆಂದ ಇರಲಿಕ್ಕಿಲ್ಲ.

ತೀರ ಕೆಳಗಿನ ಹಂತದಲ್ಲಿ ಒಂದು ವ್ಯವಸ್ಥೆ ಆಗಲೇ ಇದೆ, ಹೆಚ್ಚಿನವರು ಮರೆಯುತ್ತಾರೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಜನ ವಿಆರ್‌ಡಬ್ಲ್ಯು ಎನ್ನುತ್ತಾರೆ. ಇವರೂ ಬಹುತೇಕ ಅಂಗವಿಕಲರೇ. ಸಿಗುವುದು ಸಂಬಳವಲ್ಲ, ಗೌರವಧನ. ಹೆಚ್ಚಿನ ಹೊತ್ತು ಪಿಂಚಣಿ ಅರ್ಜಿ, ಕಾರ್ಡಿನ ಅರ್ಜಿಯಲ್ಲೇ ಹೋಗುತ್ತದೆ. ಪಂಚಾಯಿತಿಗಳು ಸ್ವಂತ ಆದಾಯದ ಶೇ 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು ಎಂಬ ನಿಯಮವೂ ಇದೆ. ಈ ಜನ ಮತ್ತು ಈ ಹಣ ಎರಡನ್ನೂ ರಿಪೇರಿಗೆ ತಿರುಗಿಸಿದರೆ ಎಂಟನೆಯ ಹೆಜ್ಜೆಗೆ ಒಂದು ವಿಳಾಸ ಸಿಗುತ್ತದೆ. ಸಾಕೆಟ್ ಸಡಿಲವಾಗಿದೆ, ಚರ್ಮ ಕೆಂಪಾಗಿದೆ ಎಂದು ಗುರುತಿಸಿ ಆಸ್ಪತ್ರೆಗೆ ಕಳಿಸಲು ಡಿಗ್ರಿ ಬೇಡ, ಕೆಲವು ದಿನದ ತರಬೇತಿ ಸಾಕು.

ಸೈಕಲ್ ಶಾಪ್ ಹೇಳುವುದು

ಕೈಯಲ್ಲಿ ತುಳಿಯುವ ಹಳೆಯ ತ್ರಿಚಕ್ರ ಸೈಕಲ್ ಗಂಗಾವತಿ, ಕಾರಟಗಿ ರಸ್ತೆಗಳಲ್ಲಿ ಇನ್ನೂ ಕಾಣುತ್ತದೆ. ವಿನ್ಯಾಸ ಹಳೆಯದು, ಭಾರ ಜಾಸ್ತಿ, ಭುಜ ನೋಯುತ್ತದೆ. ಆದರೂ ವರ್ಷಗಟ್ಟಲೆ ಓಡುತ್ತದೆ. ಅದರ ಚೈನು, ರಿಮ್ಮು, ಟೈರು, ಟ್ಯೂಬು ಮಾಮೂಲಿ ಸೈಕಲ್ಲಿನವೇ. ಪಂಕ್ಚರ್ ಆದರೆ ಮೂಲೆಯ ಸೈಕಲ್ ಶಾಪಿನಲ್ಲಿ ಹಾಕುತ್ತಾರೆ, ಮುರಿದರೆ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಯುತ್ತಾರೆ. ಬ್ಯಾಟರಿ ತ್ರಿಚಕ್ರದ ಕಂಟ್ರೋಲರ್ ಸುಟ್ಟರೆ ಅದೇ ಶಾಪಿನವರು ಕೈ ಎತ್ತುತ್ತಾರೆ. ಗಾಡಿ ಮನೆ ಮುಂದೆ ನಿಲ್ಲುತ್ತದೆ, ಅದರ ಮೇಲೆ ಬಟ್ಟೆ ಒಣಗುತ್ತದೆ.

ದಿವ್ಯಾಂಗ ಸಹಾರಾ ಯೋಜನೆಯ ಮಾರ್ಗಸೂಚಿ ಕೈಗೆ ಸಿಕ್ಕರೆ, ಎಷ್ಟು ಮಾರ್ಟ್, ಎಷ್ಟು ಸಾಧನ ಎಂಬ ಸಾಲುಗಳನ್ನು ದಾಟಿ ಮುಂದಕ್ಕೆ ಓದಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ಟೆಕ್ನಿಷಿಯನ್ ಹುದ್ದೆ ಎಷ್ಟು, ಕೆಟ್ಟು ಹೋದದ್ದನ್ನು ಎಷ್ಟು ದಿನದಲ್ಲಿ ಸರಿಮಾಡಿ ಕೊಡಬೇಕು ಎಂದು ಅದರಲ್ಲಿ ಬರೆದಿದೆಯಾ ನೋಡಿ.